ಮನೆಗೆ ಬೆಲೆ ಕಟ್ಟುವ ಬಗೆ

ಊರು ಬಿಟ್ಟು ಮುಂಬಯಿಗೆ ಬಂದ ನಮ್ಮವರಲ್ಲಿ ಅನೇಕರು ಮೊದಲು ಕಾಲೂರಿದ್ದು ಚಾಳಿನ ಒಂದು ಖೋಲಿಯಲ್ಲಿ. ಹಿರಿಯರು ಕಾಲವಾದ ಮೇಲೆ ಅದನ್ನು ಮಾರಹೊರಟ ಮಕ್ಕಳು ಚದರಡಿಯ ದರವನ್ನು ವಿಚಾರಿಸುತ್ತಾರೆ. ಅದಕ್ಕೂ ಮುಂಚೆ ವಿಚಾರಿಸಬೇಕಾದುದು ಒಂದುಂಟು: ನಾವು ಮಾರುವುದು ಏನನ್ನು? ಗೋಡೆಯನ್ನೇ, ನೆಲವನ್ನೇ, ವಾಸದ ಹಕ್ಕನ್ನೇ? ಮನೆಯ ಬೆಲೆಯ ಇತಿಹಾಸವೆಲ್ಲ ಬಹುಮಟ್ಟಿಗೆ ಈ ಹಕ್ಕಿನ ಇತಿಹಾಸವೇ ಆಗಿದೆ.

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಓಲೆಗರಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮನೆ ಮಾರುವ ಕ್ರಮವೇ ಬಂದಿದೆ. ಕೊಳ್ಳುವ ಹಕ್ಕು ಮೊದಲು ದಾಯಾದಿಗಳಿಗೆ, ಆಮೇಲೆ ನೆರೆಯವರಿಗೆ, ಆಮೇಲೆ ಸಾಲ ಕೊಟ್ಟವರಿಗೆ. ಹೊರಗಿನವರ ಸರದಿ ಕೊನೆಗೆ. ಸುತ್ತಲಿನ ನಲವತ್ತು ಮನೆತನದವರ ಎದುರಿನಲ್ಲಿ, ಮನೆಯ ಮುಂದೆಯೇ ನಿಂತು, ಬೆಲೆಯನ್ನು ಮೂರು ಸಲ ಸಾರಬೇಕು. ಪೈಪೋಟಿಯಿಂದ ಬೆಲೆ ಏರಿತೋ, ಏರಿದಷ್ಟೂ ಹಣ ಸುಂಕದ ಸಮೇತ ಬೊಕ್ಕಸಕ್ಕೆ! ಮಾರುವವನಿಗೆ ಇದರಿಂದ ಎಷ್ಟು ಸಂತೋಷವಾಗುತ್ತಿತ್ತೋ ನಾವು ಅರಿಯೆವು. ಬೆಲೆಯನ್ನು ಗುಟ್ಟಾಗಿ ಗೊತ್ತುಮಾಡಿಕೊಳ್ಳಲು ಮಾತ್ರ ಅಲ್ಲಿ ಆಸ್ಪದವಿರಲಿಲ್ಲ.

ಇನ್ನು ನಮ್ಮ ಮುಂಬಯಿಯ ಮಾತು. ಬಾಡಿಗೆಯ ಮನೆಗೆ ಹಳೆಯ ಲೆಕ್ಕ ಸರಳವಾದದ್ದು. ಖರ್ಚು ಕಳೆದು ವರ್ಷಕ್ಕೆ 200 ರೂಪಾಯಿ ಉಳಿದರೆ, ನೂರಕ್ಕೆ 5ರ ಆದಾಯ ಸಾಕೆನ್ನುವವನು ಇಪ್ಪತ್ತು ವರ್ಷದ ಮೊತ್ತ, ಅಂದರೆ 4,000 ರೂಪಾಯಿ ಕೊಡುವನು. ಈ ಲೆಕ್ಕದ ಬುಡವನ್ನೇ ಅಲುಗಾಡಿಸಿದ್ದು 1947ರ ಬಾಡಿಗೆ ನಿಯಂತ್ರಣ ಕಾಯದೆ. 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯನ್ನೇ ಅದು ಪ್ರಮಾಣವಾಗಿ ಹಿಡಿಯಿತು. ಪೇಟೆಯಲ್ಲಿ ಅಕ್ಕಿ ಬೇಳೆಯ ಬೆಲೆ ಏರಿತು, ಖೋಲಿಯ ಬಾಡಿಗೆ ಅಲ್ಲಿಯೇ ನಿಂತಿತು. ಒಡೆಯನ ಕೈಯಲ್ಲಿ ಕಟ್ಟಡದ ಬೆಲೆ ಕುಗ್ಗಿದಂತೆ, ಬಿಡಾರಗಾರನ ಕೈಯಲ್ಲಿದ್ದ ವಾಸದ ಹಕ್ಕಿಗೆ ಬೆಲೆ ಬಂತು. ಅದೇ ಪಗಡಿ. ಕಾಯದೆ ಅದನ್ನು ಅಪರಾಧವೆಂದಿತು, ಊರು ಕೇಳಲಿಲ್ಲ. ಕಡೆಗೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯದೆ ಅದಕ್ಕೆ ಮಾನ್ಯತೆ ಕೊಟ್ಟಿತು.

ಆದುದರಿಂದ ಪಗಡಿಯ ಖೋಲಿಯನ್ನು ಪಕ್ಕದ ಒಡೆತನದ ಫ್ಲ್ಯಾಟಿನ ದರದಿಂದ ಅಳೆಯಲಾಗದು. ಕೊಳ್ಳುವವನ ಹೆಸರಿಗೆ ಬಾಡಿಗೆಯ ರಶೀದಿ ಬರೆದುಕೊಡಬೇಕಾದವನು ಮಾಲಿಕನೇ, ಅದಕ್ಕೆ ಅವನ ಪಾಲುಂಟು. ಮೂರರಲ್ಲೊಂದು ಭಾಗವನ್ನೋ ಇನ್ನೂ ಹೆಚ್ಚನ್ನೋ ಕೇಳುವುದುಂಟು. ಈ ಪಾಲನ್ನು ಮೊದಲೇ ಮಾತಾಡಿಕೊಳ್ಳದೆ, ಬರುವ ಹಣವನ್ನೆಲ್ಲ ನಂಬಿ ಊರಿನಲ್ಲಿ ಮನೆಗೆ ಮುಂಗಡ ಕೊಟ್ಟ ಸಂಸಾರದ ಗತಿಯೇನು?

ಇದಕ್ಕಿಂತ ಬೇರೆಯ ದಾರಿಯನ್ನು ಕನ್ನಡ ಕರಾವಳಿಯಿಂದ ಬಂದ ಸಾರಸ್ವತರೇ ತೋರಿದ್ದರೆಂಬುದು ನಮಗೆ ಹೆಮ್ಮೆ. ರಾವ್ ಬಹಾದ್ದೂರ್ ಎಸ್. ಎಸ್. ತಲ್ಮಕಿಯವರ ಮುಂದಾಳುತನದಲ್ಲಿ 1915ರಲ್ಲಿ ಗಾಮದೇವಿಯ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವು ಹುಟ್ಟಿತು. ಸಂಘವೇ ಒಡೆಯ, ಸದಸ್ಯರೇ ಬಿಡಾರಗಾರರು. ಫ್ಲ್ಯಾಟುಗಳ ಒಡೆತನಕ್ಕೆ ಮಹಾರಾಷ್ಟ್ರದಲ್ಲಿ ಕಾಯದೆ ಬಂದದ್ದು 1963ರಲ್ಲಿ. ಇಂಥ ಮನೆಯನ್ನು ಮಾರುವವರು ಸಂಘದ ಷೇರುಪತ್ರ ಯಾರ ಹೆಸರಿನಲ್ಲಿದೆ, ಕಟ್ಟಡದ ನೆಲ ಸಂಘದ ಹೆಸರಿಗೆ ಬಂದಿದೆಯೇ, ಗೋಡೆಯ ಒಳಗಿನ ಅಳತೆ ಎಷ್ಟು ಎಂಬುದನ್ನು ಮೊದಲು ನೋಡಬೇಕು. ಹಾಲುಗಲ್ಲಿನ ನೆಲಹಾಸು, ಹೊಸ ಬಣ್ಣ ಇವೆಲ್ಲ ಆಮೇಲಿನ ಮಾತು.

ಬೊಕ್ಕಸದ ಕಣ್ಣು ಇಂದೂ ತಪ್ಪಿಲ್ಲ. ಸರಕಾರ ಪ್ರತಿ ವಿಭಾಗಕ್ಕೂ ಪ್ರಕಟಿಸುವ ದರಪಟ್ಟಿಯನ್ನು ಜನ 'ರೆಡಿ ರೆಕನರ್' ಎನ್ನುತ್ತಾರೆ. ಒಪ್ಪಿದ ಬೆಲೆ, ಪಟ್ಟಿಯ ಬೆಲೆ, ಇವೆರಡರಲ್ಲಿ ಹೆಚ್ಚಿನದರ ಮೇಲೆ ಮುದ್ರಾಂಕ ಶುಲ್ಕ. ಆದರೆ ಪಟ್ಟಿಗೆ ಒಂದು ಕಟ್ಟಡದ ಬಾವಿಯ ನೀರೂ, ರಿಪೇರಿಗೆ ಕಾದಿರುವ ಜಂತಿಯೂ ಕಾಣವು. ಅದೇ ಗಲ್ಲಿಯಲ್ಲಿ ಈಚೆಗೆ ನೋಂದಾಯಿಸಿದ ಮಾರಾಟಗಳನ್ನು ಸಬ್‌ರಿಜಿಸ್ಟ್ರಾರರ ಕಚೇರಿಯ 'ಇಂಡೆಕ್ಸ್ 2'ರಲ್ಲಿ ನೋಡಬಹುದು. ಕೌಟಿಲ್ಯನ ನಲವತ್ತು ಮನೆತನದವರು ಈಗ ಕುಳಿತಿರುವುದು ಅಲ್ಲಿಯೇ.