ಇಲಿಯಲ್ಲಿ ಕರಗಿದ ಕರುಳಿನ ಕ್ಯಾನ್ಸರ್ ಮನುಷ್ಯರಲ್ಲೂ ಕರಗುತ್ತದೆಯೇ?

‘ರೋಗಿಯ ಗೆಡ್ಡೆಯನ್ನು ಇಲಿಯಲ್ಲಿ ಬೆಳೆಸಿ ಔಷಧ ಕೊಟ್ಟರು, ಕ್ಯಾನ್ಸರ್ ಮಾಯವಾಯಿತು’ ಎಂಬಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇಂಥ ಪ್ರಯೋಗಗಳು ನಡೆಯುವುದು ನಿಜ. ಆದರೆ ಪ್ರಯೋಗದ ಫಲಿತಾಂಶವೇ ಚಿಕಿತ್ಸೆಯಲ್ಲ. ಏಕೆ ಎಂದು ನಾವಿಲ್ಲಿ ವಿವರಿಸುತ್ತೇವೆ.

ಗೆಡ್ಡೆಯನ್ನು ಬೆಳೆಸುವುದು ಹೇಗೆ?

ದೊಡ್ಡ ಕರುಳು ಅಥವಾ ಗುದನಾಳದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡಿದಾಗ, ರೋಗಿಯ ಒಪ್ಪಿಗೆ ಪಡೆದು ಗೆಡ್ಡೆಯ ಸಣ್ಣ ತುಣುಕನ್ನು ಸಂಶೋಧನೆಗೆ ತೆಗೆದಿಡುತ್ತಾರೆ. ಅದನ್ನು ಬೆಳೆಸಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ರೋಗನಿರೋಧಕ ಶಕ್ತಿ ಇಲ್ಲದಂತೆ ತಳಿ ಮಾಡಿದ ಇಲಿಯ ದೇಹದೊಳಗೆ ಇಡುವುದು. ಇನ್ನೊಂದು, ಪ್ರಯೋಗಾಲಯದ ತಟ್ಟೆಯಲ್ಲಿ, ಜೆಲ್‌ನೊಳಗೆ ಪುಟ್ಟ ಉಂಡೆಗಳಾಗಿ ಬೆಳೆಸುವುದು. ಈ ಉಂಡೆಗಳಿಗೆ ಆರ್ಗನಾಯ್ಡ್ ಎನ್ನುತ್ತಾರೆ. ನೆದರ್‌ಲ್ಯಾಂಡ್ಸ್‌ನ ಹಾನ್ಸ್ ಕ್ಲೆವರ್ಸ್ ಅವರ ತಂಡ 2009ರಲ್ಲಿ ಇಲಿಯ ಕರುಳಿನ ಕಾಂಡಕೋಶಗಳಿಂದ ಇವನ್ನು ಬೆಳೆಸಿತ್ತು. 2015ರ ಹೊತ್ತಿಗೆ 20 ರೋಗಿಗಳ ಗೆಡ್ಡೆಗಳಿಂದ ಬೆಳೆಸಿದ ಆರ್ಗನಾಯ್ಡ್‌ಗಳ ಸಂಗ್ರಹವೇ ಸಿದ್ಧವಾಯಿತು.

ಇದರಿಂದ ರೋಗಿಗಳಿಗೆ ಪ್ರಯೋಜನವಾಗಿದೆಯೇ?

ಆಗಿದೆ. ಇಟಲಿಯ ಟ್ಯೂರಿನ್ ಬಳಿಯ ಕ್ಯಾಂಡಿಯೋಲೊದ ಸಂಶೋಧಕರು, ಬೇರೆ ಅಂಗಗಳಿಗೆ ಹರಡಿದ್ದ ಕರುಳಿನ ಕ್ಯಾನ್ಸರ್‌ನ 85 ಮಾದರಿಗಳನ್ನು ಇಲಿಗಳಲ್ಲಿ ಬೆಳೆಸಿ 2011ರಲ್ಲಿ ವರದಿ ಪ್ರಕಟಿಸಿದರು. ಸೆಟುಕ್ಸಿಮ್ಯಾಬ್ ಎಂಬ ಔಷಧಕ್ಕೆ ಬಗ್ಗದ ಕೆಲವು ಗೆಡ್ಡೆಗಳಲ್ಲಿ ಹರ್‌2 ಜೀನ್‌ನ ಪ್ರತಿಗಳು ಹೆಚ್ಚಾಗಿದ್ದವು. ಹರ್‌2 ಅನ್ನು ತಡೆಯುವ ಔಷಧಗಳನ್ನು ಜೋಡಿಸಿ ಕೊಟ್ಟಾಗ ಇಲಿಗಳಲ್ಲಿ ಗೆಡ್ಡೆ ಕುಗ್ಗಿತು. ಆಮೇಲೆ ಅಂಥದೇ ಗೆಡ್ಡೆಯಿದ್ದ 27 ರೋಗಿಗಳಿಗೆ ಟ್ರಾಸ್ಟುಜುಮ್ಯಾಬ್ ಮತ್ತು ಲಪಾಟಿನಿಬ್ ಕೊಡಲಾಯಿತು. 8 ಮಂದಿಯಲ್ಲಿ ಫಲ ಕಂಡಿತು. ಬೇರೆ ಔಷಧಗಳು ಕೈಕೊಟ್ಟಿದ್ದ ರೋಗಿಗಳಲ್ಲಿ ಇದು ದೊಡ್ಡ ಸಂಗತಿಯೇ. ಆದರೂ 27ರಲ್ಲಿ 8 ಎಂಬುದನ್ನು ಗಮನಿಸಿ.

ಮಿತಿ ಎಲ್ಲಿದೆ?

ಇಂಥ ಇಲಿಗೆ ನಮ್ಮಂತೆ ರೋಗನಿರೋಧಕ ಶಕ್ತಿ ಇರುವುದಿಲ್ಲ. ತಟ್ಟೆಯಲ್ಲಿನ ಉಂಡೆಗೆ ರಕ್ತನಾಳವೂ ಇಲ್ಲ, ಲಿವರ್ ಕೂಡ ಇಲ್ಲ. ಎಲ್ಲರ ಗೆಡ್ಡೆಯೂ ಹೊರಗೆ ಬೆಳೆಯುವುದಿಲ್ಲ. ಬೆಳೆಯಲು ವಾರಗಟ್ಟಲೆ, ಇಲಿಯಲ್ಲಾದರೆ ತಿಂಗಳುಗಟ್ಟಲೆ ಬೇಕು. ಅಷ್ಟು ಕಾಲ ರೋಗ ಕಾಯುವುದಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಆರ್ಗನಾಯ್ಡ್ ಪರೀಕ್ಷೆಯ ಆಧಾರದ ಮೇಲೆ 6 ರೋಗಿಗಳಿಗೆ ಔಷಧ ಕೊಟ್ಟರು. ಒಬ್ಬರ ಗೆಡ್ಡೆಯೂ ಕುಗ್ಗಲಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಮೂರು ಪ್ರಶ್ನೆ ಕೇಳಿ: ಔಷಧವನ್ನು ಮನುಷ್ಯರಿಗೆ ಕೊಟ್ಟು ನೋಡಿದ್ದಾರೆಯೇ? ಎಷ್ಟು ಮಂದಿಗೆ? ಅವರಲ್ಲಿ ಎಷ್ಟು ಮಂದಿಗೆ ಫಲಿಸಿತು? ಉತ್ತರವಿಲ್ಲದಿದ್ದರೆ ಅದು ಸಂಶೋಧನೆಯ ಸುದ್ದಿ, ಚಿಕಿತ್ಸೆಯ ಸುದ್ದಿಯಲ್ಲ. ಅದನ್ನು ನಂಬಿ ಯಾರೂ ಕೀಮೋ ಅಥವಾ ಶಸ್ತ್ರಚಿಕಿತ್ಸೆಯನ್ನು ಮುಂದೂಡಬಾರದು. ಅನುಮಾನವಿದ್ದರೆ ಆ ಸಂದೇಶವನ್ನು ನಿಮ್ಮ ಕ್ಯಾನ್ಸರ್ ವೈದ್ಯರಿಗೇ ತೋರಿಸಿ ಕೇಳಿ.