ಅಗರಿಯರ ವ್ಯಾಜ್ಯವೂ ಕಾರ್ಮಿಕಶಬ್ದದ ವ್ಯಾಪ್ತಿಯೂ

ಸ್ವಂತ ವಾಹನವನ್ನಿಟ್ಟುಕೊಂಡು, ಒಪ್ಪಿದ ವೇಳೆಯಲ್ಲಿ, ಬಿಡಿಕೆಲಸಕ್ಕೆ ಬಿಡಿಕೂಲಿ ಪಡೆವ ಗಿಗ್ ಕೆಲಸಗಾರನು ಕಾರ್ಮಿಕನೋ ಸ್ವತಂತ್ರ ಗುತ್ತಿಗೆದಾರನೋ ಎಂಬ ಪ್ರಶ್ನೆಯು ನೂತನವೆಂದು ತೋರುವುದು. ಆದರೆ ಇಂತಹುದೇ ಪ್ರಶ್ನೆಯು ಸೌರಾಷ್ಟ್ರದ ಉಪ್ಪಿನ ಗದ್ದೆಗಳಲ್ಲಿ ಹಿಂದೆಯೇ ಹುಟ್ಟಿದ್ದಿತು.

ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ಸಂಸ್ಥೆಗಾಗಿ ಉಪ್ಪು ತೆಗೆಯುತ್ತಿದ್ದ ಅಗರಿಯರಿಗೆ ಮಣವೊಂದಕ್ಕೆ ಇಷ್ಟೆಂದು ಹಣ ಸಲ್ಲುತ್ತಿದ್ದಿತು. ಗೊತ್ತಾದ ವೇಳೆಯಾಗಲಿ ಹಾಜರಿಪಟ್ಟಿಯಾಗಲಿ ಇರಲಿಲ್ಲ. ತಮ್ಮ ವೆಚ್ಚದಿಂದ ಬೇರೆ ಆಳುಗಳನ್ನಿಟ್ಟುಕೊಳ್ಳಲು ಅಡ್ಡಿಯೂ ಇರಲಿಲ್ಲ. ಆದಾಗ್ಯೂ ಸರ್ವೋಚ್ಚ ನ್ಯಾಯಾಲಯವು 1956ರಲ್ಲಿ ಅವರನ್ನು ಕಾರ್ಮಿಕರೆಂದೇ ಪರಿಗಣಿಸಿತು. ಏಕೆಂದರೆ ಅವರು ಸ್ವತಃ ದುಡಿಯುತ್ತಿದ್ದರು. ಉಪ್ಪು ತಯಾರಾಗುವ ಪ್ರತಿಯೊಂದು ಹಂತದಲ್ಲಿಯೂ ಸಂಸ್ಥೆಯ ಮೇಲ್ವಿಚಾರಣೆಯಿದ್ದಿತು. ಕೂಲಿಯನ್ನು ಲೆಕ್ಕಹಾಕುವ ಬಗೆಗಿಂತ ಕೆಲಸದ ರೀತಿಯನ್ನು ನಿಯಂತ್ರಿಸುವ ಅಧಿಕಾರವೇ ಪ್ರಧಾನವೆಂಬುದು ಆ ತೀರ್ಪಿನ ಸಾರ.

2020ರ ಸಾಮಾಜಿಕ ಭದ್ರತಾ ಸಂಹಿತೆಯು ಗಿಗ್ ಕೆಲಸಗಾರನನ್ನು ಸಾಂಪ್ರದಾಯಿಕ ಧಣಿ–ನೌಕರ ಸಂಬಂಧದ ಹೊರಗಿರಿಸಿ ನಿರ್ವಚಿಸಿದೆ. ಕರ್ನಾಟಕದ 2025ರ ಶಾಸನವು ಪ್ರತಿ ವ್ಯವಹಾರದಲ್ಲಿ ಅವನಿಗೆ ಸಲ್ಲುವ ಹಣದ ಮೇಲೆ ಶೇಕಡ 1ರಿಂದ 5ರವರೆಗೆ ಕ್ಷೇಮಶುಲ್ಕವನ್ನೂ, ಕೆಲಸದಿಂದ ತೆಗೆಯುವುದಕ್ಕೆ ಸಾಮಾನ್ಯವಾಗಿ 14 ದಿನಗಳ ಮುನ್ಸೂಚನೆಯನ್ನೂ ವಿಧಿಸಿದೆ. ಈ ರಕ್ಷಣೆಯು ಸ್ವಾಗತಾರ್ಹವಾದರೂ ಕಾರ್ಮಿಕನಾರೆಂಬ ಮೂಲಪ್ರಶ್ನೆಯು ಹಾಗೆಯೇ ಉಳಿದಿದೆ. ಮೇಸ್ತ್ರಿಯ ಸ್ಥಾನದಲ್ಲಿ ಗಣಕಯಂತ್ರವು ಕೆಲಸವನ್ನು ಹಂಚಿ, ದರವನ್ನು ಕಟ್ಟಿ, ಶಿಕ್ಷೆಯನ್ನೂ ವಿಧಿಸುತ್ತಿರುವಾಗ, ಅಗರಿಯರಿಗೆ ಸಂದ ನ್ಯಾಯದ ಅಳತೆಯನ್ನು ಇಲ್ಲಿಯೂ ಹಿಡಿದು ನೋಡುವುದು ಯುಕ್ತವಾಗಿದೆ.