ಬೃಹತ್ ಸಂಸ್ಥೆಗಳಲ್ಲಿ ನೆಟ್‌ವರ್ಕ್ ಸ್ವಿಚ್ ಆಯ್ಕೆ

ನೆಟ್‌ವರ್ಕ್ ಸ್ವಿಚ್ ಎಂಬುದು ಒಂದು ಕಟ್ಟಡ ಅಥವಾ ಆವರಣದೊಳಗಿನ ಗಣಕಯಂತ್ರ, ಮುದ್ರಕ, ಕ್ಯಾಮೆರಾ, ದೂರವಾಣಿ ಮುಂತಾದ ಸಾಧನಗಳನ್ನು ಪರಸ್ಪರ ಜೋಡಿಸಿ, ಒಂದರಿಂದ ಹೊರಟ ದತ್ತಾಂಶವನ್ನು ಅದು ಸೇರಬೇಕಾದ ಸಾಧನಕ್ಕೆ ತಲಪಿಸುವ ವಿದ್ಯುನ್ಮಾನ ಉಪಕರಣವಾಗಿದೆ. ನಾಲ್ಕು ಗಣಕಯಂತ್ರಗಳಿರುವ ಅಂಗಡಿಗೆ ಯಾವ ಸ್ವಿಚ್ ಆದರೂ ಸಾಲುತ್ತದೆ. ಸಾವಿರಾರು ಸಂಪರ್ಕಗಳಿರುವ ಕಾರ್ಖಾನೆ, ವಿಶ್ವವಿದ್ಯಾಲಯ ಅಥವಾ ಆಸ್ಪತ್ರೆಯಲ್ಲಿ ಆಯ್ಕೆ ತಪ್ಪಿದರೆ ಅದರ ಫಲವನ್ನು ಹಲವು ವರ್ಷ ಅನುಭವಿಸಬೇಕಾಗುತ್ತದೆ. ಏಕೆಂದರೆ ಗೋಡೆಯೊಳಗಿನ ಕೇಬಲ್, ನೆಲದಡಿಯ ಫೈಬರ್ ಮತ್ತು ಯುಪಿಎಸ್ ವ್ಯವಸ್ಥೆಗಳೆಲ್ಲ ಆ ಆಯ್ಕೆಯನ್ನೇ ಅವಲಂಬಿಸಿರುತ್ತವೆ.

ತುಮಕೂರು ಜಿಲ್ಲೆಯಲ್ಲಿ ಈ ವಿಷಯಕ್ಕೆ ಇತ್ತೀಚಿನ ವರ್ಷಗಳಲ್ಲಿ ಮಹತ್ವ ಬಂದಿದೆ. ನಗರದ ಹೊರವಲಯದ ವಸಂತನರಸಾಪುರ ಕೈಗಾರಿಕಾ ಪ್ರದೇಶ, 2004ರಲ್ಲಿ ಸ್ಥಾಪನೆಯಾದ ತುಮಕೂರು ವಿಶ್ವವಿದ್ಯಾಲಯ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಇವೆಲ್ಲ ವಿಶಾಲ ಆವರಣಗಳು. ಇಂಥ ಆವರಣಗಳಿಗೆ ಒಂದೇ ಕಟ್ಟಡದ ಕಚೇರಿಯ ಲೆಕ್ಕಾಚಾರ ಹೊಂದುವುದಿಲ್ಲ.

ಹಿನ್ನೆಲೆ

ಸ್ವಿಚ್‌ಗಿಂತ ಮೊದಲು ಬಳಕೆಯಲ್ಲಿದ್ದ ಹಬ್ ಎಂಬ ಸಾಧನವು ಬಂದ ದತ್ತಾಂಶವನ್ನು ಎಲ್ಲ ಪೋರ್ಟ್‌ಗಳಿಗೂ ಕಳುಹಿಸುತ್ತಿತ್ತು. ಹಬ್ ಊರಿಗೆಲ್ಲ ಡಂಗುರ ಸಾರುವವನಂತೆ. ಸ್ವಿಚ್ ವಿಳಾಸ ಓದಿ ಮನೆಗೇ ಕಾಗದ ಮುಟ್ಟಿಸುವ ಅಂಚೆಯವನಂತೆ. ಪ್ರತಿ ಸಾಧನದ 48 ಬಿಟ್‌ಗಳ ಮ್ಯಾಕ್ ವಿಳಾಸವು ಯಾವ ಪೋರ್ಟ್‌ನಲ್ಲಿದೆ ಎಂಬುದನ್ನು ಸ್ವಿಚ್ ತಾನಾಗಿ ಕಲಿತು ಪಟ್ಟಿ ಮಾಡಿಕೊಳ್ಳುತ್ತದೆ. ಪಟ್ಟಿಯಲ್ಲಿಲ್ಲದ ವಿಳಾಸ ಬಂದಾಗ ಮಾತ್ರ ಅದೂ ಡಂಗುರ ಸಾರುತ್ತದೆ.

ಈಥರ್‌ನೆಟ್ ತಂತ್ರಜ್ಞಾನವು 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಸಂಗಡಿಗರ ಕೈಯಲ್ಲಿ ರೂಪುಗೊಂಡು, 1983ರಲ್ಲಿ ಐಇಇಇ 802.3 ಎಂಬ ಮಾನದಂಡವಾಯಿತು. ಮೊದಲ ಈಥರ್‌ನೆಟ್ ಸ್ವಿಚ್ಚನ್ನು 1990ರಲ್ಲಿ ಮಾರುಕಟ್ಟೆಗೆ ತಂದ ಅಮೆರಿಕದ ಸಂಸ್ಥೆಯ ಹೆಸರು ‘ಕಲ್ಪನಾ’. ಅದರ ಸ್ಥಾಪಕರಲ್ಲೊಬ್ಬರು ಭಾರತೀಯ ಮೂಲದ ವಿನೋದ್ ಭಾರದ್ವಾಜ್. 1994ರಲ್ಲಿ ಸಿಸ್ಕೊ ಸಂಸ್ಥೆಯು ಕಲ್ಪನಾವನ್ನು ಕೊಂಡುಕೊಂಡಿತು.

ಆವರಣದ ಅಳತೆ ಮತ್ತು ಕೇಬಲ್

ಆಯ್ಕೆಯು ಸ್ವಿಚ್‌ನಿಂದಲ್ಲ, ಆವರಣದ ನಕ್ಷೆಯಿಂದ ಆರಂಭವಾಗಬೇಕು. ತಾಮ್ರದ ಈಥರ್‌ನೆಟ್ ಕೇಬಲ್ಲಿನ ಮಿತಿ 100 ಮೀಟರ್. ಗುಬ್ಬಿಯ ಹೆಲಿಕಾಪ್ಟರ್ ಕಾರ್ಖಾನೆಯ ಆವರಣ 615 ಎಕರೆ, ಅಂದರೆ ಸುಮಾರು 2.5 ಚದರ ಕಿಲೋಮೀಟರ್. ಅಷ್ಟು ನೆಲವನ್ನು ಚೌಕವೆಂದು ಭಾವಿಸಿದರೂ ಒಂದು ಬದಿ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು. ಇಂಥಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಆಪ್ಟಿಕಲ್ ಫೈಬರ್ ಅನಿವಾರ್ಯ. ಸೆಕೆಂಡಿಗೆ 10 ಗಿಗಾಬಿಟ್ ವೇಗದಲ್ಲಿ ಓಎಂ3 ದರ್ಜೆಯ ಮಲ್ಟಿಮೋಡ್ ಫೈಬರ್ 300 ಮೀಟರ್‌ವರೆಗೆ, ಓಎಂ4 ದರ್ಜೆಯದು 400 ಮೀಟರ್‌ವರೆಗೆ, ಎಲ್‌ಆರ್ ಮಾದರಿಯ ಮಾಡ್ಯೂಲ್‌ಗಳೊಡನೆ ಸಿಂಗಲ್‌ಮೋಡ್ ಫೈಬರ್ 10 ಕಿಲೋಮೀಟರ್‌ವರೆಗೆ ಕೆಲಸ ಮಾಡುತ್ತದೆ.

ಫೈಬರಿಗೆ ಇನ್ನೊಂದು ಕಾರಣವೂ ಇದೆ. ತಾಮ್ರದ ತಂತಿಯು ಸಿಡಿಲಿನ ವಿದ್ಯುತ್ ಆಘಾತವನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಒಯ್ಯಬಲ್ಲದು. ಗಾಜಿನ ಎಳೆಯು ಒಯ್ಯಲಾರದು. ಮುಂಗಾರು ಪೂರ್ವದ ಗುಡುಗು ಮಳೆಯ ಪ್ರದೇಶಗಳಲ್ಲಿ ಇದು ಸಣ್ಣ ಮಾತಲ್ಲ.

ವೇಗದ ಲೆಕ್ಕ

ಬೃಹತ್ ಜಾಲವನ್ನು ಸಾಮಾನ್ಯವಾಗಿ ಮೂರು ಹಂತಗಳಲ್ಲಿ ಕಟ್ಟಲಾಗುತ್ತದೆ. ಬಳಕೆದಾರರ ಸಾಧನಗಳು ಸೇರುವುದು ಪ್ರವೇಶ ಹಂತ, ಅವುಗಳನ್ನು ಕಟ್ಟಡವಾರು ಒಗ್ಗೂಡಿಸುವುದು ವಿತರಣಾ ಹಂತ, ಎಲ್ಲವನ್ನೂ ಕೂಡಿಸುವುದು ಕೇಂದ್ರ ಹಂತ. ಕಟ್ಟಡಗಳು ಕೆಲವೇ ಇದ್ದರೆ ಕೊನೆಯ ಎರಡನ್ನು ಒಂದಾಗಿಸುವುದುಂಟು.

ಪ್ರವೇಶ ಹಂತದಲ್ಲಿ 1 ಗಿಗಾಬಿಟ್ ವೇಗದ 48 ಪೋರ್ಟ್ ಮತ್ತು ಮೇಲಿನ ಹಂತಕ್ಕೆ 10 ಗಿಗಾಬಿಟ್‌ನ 4 ಪೋರ್ಟ್‌ಗಳಿರುವ ಸ್ವಿಚ್ ಬಹುಬಳಕೆಯದು. ಎಲ್ಲ ಪೋರ್ಟ್‌ಗಳೂ ಎರಡೂ ದಿಕ್ಕಿನಲ್ಲಿ ಪೂರ್ಣ ವೇಗದಲ್ಲಿ ನಡೆಯಲು (48 × 1 + 4 × 10) × 2 = 176 ಗಿಗಾಬಿಟ್ ಸಾಮರ್ಥ್ಯ ಬೇಕು. ತಯಾರಕರ ವಿವರಪಟ್ಟಿಯಲ್ಲಿನ ಸಂಖ್ಯೆ ಇದಕ್ಕಿಂತ ಕಡಿಮೆಯಿದ್ದರೆ, ಒತ್ತಡದ ಹೊತ್ತಿನಲ್ಲಿ ಆ ಸ್ವಿಚ್ ದತ್ತಾಂಶವನ್ನು ಕೈಬಿಡುತ್ತದೆ. ಇದಕ್ಕಿಂತ ಬಹಳ ಹೆಚ್ಚಿನ ಸಂಖ್ಯೆಯಿಂದ ಆ 52 ಪೋರ್ಟ್‌ಗಳಿಗೆ ವಿಶೇಷ ಲಾಭವಿಲ್ಲ.

ಮೇಲಿನ ಹಂತಕ್ಕೆ 10 ಗಿಗಾಬಿಟ್‌ನ ಎರಡು ಸಂಪರ್ಕಗಳನ್ನು ಕೊಟ್ಟರೆ 48ಕ್ಕೆ 20, ಅಂದರೆ 2.4ಕ್ಕೆ 1ರ ಅನುಪಾತ. ಕಚೇರಿಯ ಬಳಕೆಯಲ್ಲಿ ಎಲ್ಲರೂ ಏಕಕಾಲಕ್ಕೆ ಪೂರ್ಣ ವೇಗ ಬಳಸುವುದಿಲ್ಲವಾದ್ದರಿಂದ 20ಕ್ಕೆ 1ರವರೆಗೂ ಸಹ್ಯವೆಂಬುದು ಹಳೆಯ ರೂಢಿ. ವಿನ್ಯಾಸ ಕಡತಗಳು, ಹಗಲಿರುಳು ಹರಿಯುವ ಕ್ಯಾಮೆರಾ ದೃಶ್ಯಗಳು ಇರುವಲ್ಲಿ ಆ ರೂಢಿಯನ್ನು ನೆಚ್ಚಲಾಗದು.

ಕೇಬಲ್ ಮೂಲಕ ವಿದ್ಯುತ್

ವಿವರಪಟ್ಟಿ ಓದುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಕ್ಯಾಮೆರಾ, ವೈಫೈ ಕೇಂದ್ರ ಮತ್ತು ದೂರವಾಣಿಗಳಿಗೆ ದತ್ತಾಂಶದ ಕೇಬಲ್ಲಿನಲ್ಲೇ ವಿದ್ಯುತ್ ಕೊಡುವ ಪವರ್ ಓವರ್ ಈಥರ್‌ನೆಟ್ ವ್ಯವಸ್ಥೆಯು 2003ರ ಮಾನದಂಡದಲ್ಲಿ ಪೋರ್ಟಿಗೆ 15.4 ವ್ಯಾಟ್, 2009ರದರಲ್ಲಿ 30 ವ್ಯಾಟ್, 2018ರದರಲ್ಲಿ 90 ವ್ಯಾಟ್‌ವರೆಗೆ ಏರಿತು. ‘48 ಪೋರ್ಟ್‌ಗಳಲ್ಲೂ 30 ವ್ಯಾಟ್’ ಎಂದಿದ್ದರೆ 1,440 ವ್ಯಾಟ್ ಬೇಕು. ಸ್ವಿಚ್‌ನ ಒಟ್ಟು ವಿದ್ಯುತ್ ಮಿತಿ 740 ವ್ಯಾಟ್ ಆಗಿದ್ದಲ್ಲಿ ಪೂರ್ಣ ಬಲ ಸಿಗುವುದು 24 ಪೋರ್ಟ್‌ಗಳಿಗೆ ಮಾತ್ರ. ಇಪ್ಪತ್ತೈದನೆಯ ಕ್ಯಾಮೆರಾ ಜೋಡಿಸುವ ದಿನದವರೆಗೆ ಈ ಕೊರತೆ ಕಣ್ಣಿಗೆ ಬೀಳುವುದಿಲ್ಲ.

ಕರೆಂಟು ಹೋದಾಗ ಈ ಸಾಧನಗಳೆಲ್ಲದರ ಹೊರೆಯೂ ಸ್ವಿಚ್‌ನ ಯುಪಿಎಸ್ ಮೇಲೆ ಬೀಳುತ್ತದೆ. ಗಣಕಯಂತ್ರಗಳಿಗೆ ಮಾತ್ರ ಯುಪಿಎಸ್ ಲೆಕ್ಕ ಹಾಕಿದ ಆಸ್ಪತ್ರೆಯಲ್ಲಿ, ತುರ್ತು ಹೊತ್ತಿನಲ್ಲಿ ದೂರವಾಣಿಗಳೇ ಮೂಕವಾಗುವ ಸಂಭವವಿದೆ.

ಸುತ್ತುಬಂಧ ಮತ್ತು ಭದ್ರತೆ

ಒಂದು ಕೇಬಲ್ಲಿನ ಎರಡೂ ತುದಿಗಳನ್ನು ಯಾರಾದರೂ ಅರಿಯದೆ ಗೋಡೆಯ ಎರಡು ಪೋರ್ಟ್‌ಗಳಿಗೆ ಸಿಕ್ಕಿಸಿದರೆ ಸುತ್ತುಬಂಧ ಉಂಟಾಗುತ್ತದೆ. ಈಥರ್‌ನೆಟ್ ಚೌಕಟ್ಟಿಗೆ ಆಯುಸ್ಸಿನ ಮಿತಿಯಿಲ್ಲವಾದ್ದರಿಂದ ಎಲ್ಲರಿಗೂ ಹೊರಡಿಸಿದ ಒಂದು ಸಂದೇಶ ಕೊನೆಯಿಲ್ಲದೆ ಸುತ್ತುತ್ತ, ಪ್ರತಿ ಸುತ್ತಿನಲ್ಲೂ ಮರಿಹಾಕುತ್ತ, ಕೆಲವೇ ಕ್ಷಣಗಳಲ್ಲಿ ಇಡೀ ಜಾಲವನ್ನು ನಿಲ್ಲಿಸಬಲ್ಲದು. ಇದನ್ನು ತಡೆಯುವ ಸ್ಪ್ಯಾನಿಂಗ್ ಟ್ರೀ ವಿಧಾನವನ್ನು 1985ರಲ್ಲಿ ರೇಡಿಯಾ ಪರ್ಲ್‌ಮನ್ ರೂಪಿಸಿದರು. ಅಗ್ಗದ, ನಿರ್ವಹಣಾ ಸೌಲಭ್ಯವಿಲ್ಲದ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಈ ರಕ್ಷಣೆ ಇರುವುದಿಲ್ಲ. ಮೇಜಿನಡಿ ಇಟ್ಟ ಇಂಥ ಒಂದು ಪುಟ್ಟ ಪೆಟ್ಟಿಗೆ ಲಕ್ಷಾಂತರ ರೂಪಾಯಿಯ ಜಾಲವನ್ನು ಮಲಗಿಸಿದರೆ ಆಶ್ಚರ್ಯವಿಲ್ಲ.

ವಿದ್ಯಾರ್ಥಿಗಳ ವೈಫೈ, ಪರೀಕ್ಷಾ ವಿಭಾಗ, ಲೆಕ್ಕಪತ್ರ ಶಾಖೆ, ಕ್ಯಾಮೆರಾ ಇವುಗಳನ್ನು ಒಂದೇ ಸ್ವಿಚ್‌ನಲ್ಲಿ ಬೇರೆ ಬೇರೆ ಜಾಲಗಳಂತೆ ಪ್ರತ್ಯೇಕಿಸಲು ವಿಲ್ಯಾನ್ ವಿಧಾನವಿದೆ, 802.1ಕ್ಯೂ ಮಾನದಂಡವು ಇಂಥ 4,094 ವಿಭಾಗಗಳಿಗೆ ಅವಕಾಶ ನೀಡುತ್ತದೆ. ಪೋರ್ಟಿಗೆ ಸಿಕ್ಕಿಸಿದ ಸಾಧನದ ಗುರುತು ಕೇಳಿಯೇ ಒಳಬಿಡುವ 802.1ಎಕ್ಸ್ ಸೌಲಭ್ಯವೂ ಬೃಹತ್ ಸಂಸ್ಥೆಗೆ ಅಗತ್ಯ.

ಒಂದೇ ಸಂಸ್ಥೆ, ಮೂರು ಊರು

ತುಮಕೂರಿನಲ್ಲಿ ಮುಖ್ಯ ಕಚೇರಿ, ಗುಬ್ಬಿ ಮತ್ತು ಕುಣಿಗಲ್‌ಗಳಲ್ಲಿ ಶಾಖೆ ಇರುವ ಸಂಸ್ಥೆಗೆ ಮೂರೂ ಕಡೆ ಒಂದೇ ದರ್ಜೆಯ ಸ್ವಿಚ್ ಬೇಕಿಲ್ಲ. ಊರುಗಳ ನಡುವಿನ ಸಂಪರ್ಕ ದೂರಸಂಪರ್ಕ ಸಂಸ್ಥೆಗಳಿಂದ ಪಡೆದ ಮಾರ್ಗದ ಮೇಲೆ ರೂಟರ್ ಮೂಲಕ ನಡೆಯುತ್ತದೆ. ಸರ್ಕಾರಿ ಕಚೇರಿಗಳ ವಿಷಯದಲ್ಲಿ ರಾಜ್ಯ ಕೇಂದ್ರ, ಜಿಲ್ಲೆ ಮತ್ತು ತಾಲ್ಲೂಕುಗಳನ್ನು ಕೆ-ಸ್ವಾನ್ ಜಾಲ ಬೆಸೆಯುತ್ತದೆ. ಒಂದೇ ವಿಲ್ಯಾನನ್ನು ಮೂರು ಊರಿಗೂ ಹಬ್ಬಿಸುವುದು ಅವಿವೇಕ. ಹಾಗೆ ಮಾಡಿದರೆ ಕುಣಿಗಲ್ಲಿನ ಸುತ್ತುಬಂಧ ತುಮಕೂರನ್ನೂ ಬಾಧಿಸುತ್ತದೆ. ಸ್ಥಳೀಯವಾಗಿ ತಂತ್ರಜ್ಞರಿಲ್ಲದ ಶಾಖೆಗೆ ದೂರದಿಂದಲೇ ನಿರ್ವಹಿಸಬಲ್ಲ, ಫ್ಯಾನ್ ಇಲ್ಲದ ಚಿಕ್ಕ ಸ್ವಿಚ್ ಸಾಕು. ಫ್ಯಾನ್ ಇರುವ ಸ್ವಿಚ್ಚನ್ನು ತೆಂಗಿನ ನಾರಿನ ಘಟಕದಂಥ ಕಡೆ ಇಟ್ಟರೆ ನಾರಿನ ದೂಳು ಅದನ್ನು ಬೇಗ ಕಟ್ಟಿಹಾಕುತ್ತದೆ. ಯಂತ್ರಗಳ ಪಕ್ಕದಲ್ಲಿ ಕೈಗಾರಿಕಾ ದರ್ಜೆಯ, ಮುಚ್ಚಿದ ಕವಚದ ಸ್ವಿಚ್‌ಗಳನ್ನೇ ಬಳಸಬೇಕು.

ಖರೀದಿ

ಕರ್ನಾಟಕದ ಸರ್ಕಾರಿ ಸಂಸ್ಥೆಗಳ ಖರೀದಿಗೆ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಅನ್ವಯಿಸುತ್ತದೆ. ಎರಡು ಲಕೋಟೆ ಪದ್ಧತಿಯ ಟೆಂಡರಿನಲ್ಲಿ ಮೊದಲು ತಾಂತ್ರಿಕ ಅರ್ಹತೆ, ಬಳಿಕ ದರ ಪರಿಶೀಲನೆ ನಡೆಯುತ್ತದೆ. ಹಾಗಾಗಿ ತಾಂತ್ರಿಕ ವಿವರಣೆಯನ್ನು ಬರೆಯುವ ಕೈಯಲ್ಲಿಯೇ ಆಯ್ಕೆಯ ಬಹುಪಾಲು ಅಡಗಿದೆ. ಒಂದೇ ತಯಾರಕರ ವಿವರಪಟ್ಟಿಯನ್ನು ನಕಲು ಮಾಡಿದ ಟೆಂಡರ್ ಸ್ಪರ್ಧೆಯನ್ನು ಕೊಲ್ಲುತ್ತದೆ. ‘ಉತ್ತಮ ಗುಣಮಟ್ಟದ 48 ಪೋರ್ಟ್ ಸ್ವಿಚ್’ ಎಂದಷ್ಟೇ ಬರೆದ ಟೆಂಡರ್ ಕಡಿಮೆ ದರದ ಕಳಪೆಯನ್ನು ಬರಮಾಡಿಕೊಳ್ಳುತ್ತದೆ. ಮಾನದಂಡದ ಸಂಖ್ಯೆ, ವಿದ್ಯುತ್ ಮಿತಿ, ಸಾಮರ್ಥ್ಯ, ಪರವಾನಗಿ ಶುಲ್ಕದ ಅವಧಿ ಮತ್ತು ತಂತ್ರಾಂಶ ಪರಿಷ್ಕರಣೆಯ ವರ್ಷಗಳನ್ನು ಸ್ಪಷ್ಟವಾಗಿ ನಮೂದಿಸುವುದು ಇವೆರಡರ ನಡುವಿನ ದಾರಿ.

ತಯಾರಕರು ಪ್ರತಿ ಮಾದರಿಗೂ ಮಾರಾಟ ನಿಲುಗಡೆ ಮತ್ತು ಬೆಂಬಲ ನಿಲುಗಡೆಯ ದಿನಾಂಕಗಳನ್ನು ಪ್ರಕಟಿಸುತ್ತಾರೆ. ಬೆಂಬಲ ಮುಗಿದ ಸ್ವಿಚ್ ಕೆಲಸ ಮಾಡುತ್ತಲೇ ಇರಬಹುದು, ಆದರೆ ಅದರಲ್ಲಿ ಹೊಸದಾಗಿ ಪತ್ತೆಯಾದ ಭದ್ರತಾ ದೋಷಗಳಿಗೆ ತಯಾರಕರಿಂದ ಪರಿಹಾರ ದೊರೆಯುವುದಿಲ್ಲ. ರಿಯಾಯಿತಿ ದರದಲ್ಲಿ ಬರುವ ಮಾದರಿಗಳ ದಿನಾಂಕವನ್ನು ಖರೀದಿ ಆದೇಶಕ್ಕೆ ಮುನ್ನ ನೋಡತಕ್ಕದ್ದು. ಪ್ರವೇಶ ಹಂತದ ಸ್ವಿಚ್‌ಗಳಿಗೆ ಅದೇ ಮಾದರಿಯ ಒಂದೆರಡನ್ನು ಉಗ್ರಾಣದಲ್ಲಿ ಹೆಚ್ಚುವರಿಯಾಗಿ ಇರಿಸಿಕೊಳ್ಳುವುದು ದುಬಾರಿ ತ್ವರಿತಸೇವಾ ಒಪ್ಪಂದಕ್ಕಿಂತ ಅನೇಕ ವೇಳೆ ಅಗ್ಗವಾಗುತ್ತದೆ. ಕೇಂದ್ರ ಹಂತದ ಸ್ವಿಚ್‌ಗಳನ್ನು ಮಾತ್ರ ಜೋಡಿಯಾಗಿ, ಪ್ರತಿಯೊಂದಕ್ಕೂ ಎರಡು ವಿದ್ಯುತ್ ಮೂಲಗಳೊಡನೆ ಸ್ಥಾಪಿಸಲಾಗುತ್ತದೆ.